ಕಲ್ಪಿತ ವೀರರ ಜಾತಕ ಭಂಡಾರ

ಒಂದು ಮೇಜು, ಅದರ ಸುತ್ತ ಐದು ಮಂದಿ. ಮೇಜಿನ ಮೇಲೆ ಕಾಗದ, ಪೆನ್ಸಿಲು, ಒಂದು ಹಿಡಿಯಷ್ಟು ದಾಳಗಳು. ಐವರಲ್ಲೊಬ್ಬನು ಕಥೆಯನ್ನು ಆರಂಭಿಸುತ್ತಾನೆ: "ನೀವು ಗುಹೆಯ ಬಾಗಿಲಲ್ಲಿ ನಿಂತಿದ್ದೀರಿ. ಒಳಗಿನಿಂದ ಯಾರೋ ಗೊರಕೆ ಹೊಡೆಯುವ ಸದ್ದು ಕೇಳಿಬರುತ್ತಿದೆ. ಏನು ಮಾಡುತ್ತೀರಿ?" ಉಳಿದ ನಾಲ್ವರೂ ತಮ್ಮ ತಮ್ಮ ಪಾತ್ರದ ಪರವಾಗಿ ಉತ್ತರ ಕೊಡುತ್ತಾರೆ. ಸದ್ದಾಗದಂತೆ ಒಳಹೊಗುವೆನೆಂದು ಒಬ್ಬನು ಹೇಳಿದನೆನ್ನಿ. ಅದು ಅವನಿಗೆ ಸಾಧ್ಯವಾಯಿತೆ ಇಲ್ಲವೆ ಎಂಬುದನ್ನು ದಾಳವು ತೀರ್ಮಾನಿಸುತ್ತದೆ. ಹೀಗೆ ಕಥೆಯು ಮಾತಿನಿಂದಲೂ ದಾಳದಿಂದಲೂ ಮುಂದೆ ಸಾಗುತ್ತದೆ. ವೇಷವಿಲ್ಲದೆ, ಕುಳಿತಲ್ಲಿಯೇ, ಆಯಾ ಪಾತ್ರವಾಗಿ ಆಶುವಾಗಿ ಮಾತನಾಡುವ ನಮ್ಮ ತಾಳಮದ್ದಳೆಯನ್ನು ಬಲ್ಲವರಿಗೆ ಈ ಆಟದ ಅರ್ಧಭಾಗವು ಪರಿಚಿತವೇ ಸರಿ. ಆದರೆ ತಾಳಮದ್ದಳೆಯಲ್ಲಿ ಕರ್ಣನು ಕೊನೆಗೆ ಸಾಯಲೇಬೇಕು. ಇಲ್ಲಿ ಯಾರು ಸಾಯುವರೆಂಬುದು ಕಥೆ ಹೇಳುವವನಿಗೂ ಮೊದಲೇ ತಿಳಿದಿರುವುದಿಲ್ಲ.

ಈ ಬಗೆಯ ಆಟಗಳಲ್ಲಿ ಮೊಟ್ಟಮೊದಲು ಅಚ್ಚಾಗಿ ಮಾರಾಟಕ್ಕೆ ಬಂದುದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಈ ಆಟವು 1974ರಲ್ಲಿ ಮೂರು ಕಿರುಹೊತ್ತಗೆಗಳ ರೂಪದಲ್ಲಿ ಹೊರಬಿದ್ದಿತು. ಮೊದಲ ಮುದ್ರಣದ ಪ್ರತಿಗಳು ಒಂದು ಸಾವಿರ ಮಾತ್ರ. ಅದರಲ್ಲಿ ಪ್ರತಿಯೊಬ್ಬ ಆಟಗಾರನ ಪಾತ್ರಕ್ಕೂ ಆರು ಗುಣಗಳು: ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಚುರುಕು, ವರ್ಚಸ್ಸು. ಒಂದೊಂದು ಗುಣಕ್ಕೂ ಒಂದೊಂದು ಅಂಕ. ಈ ಅಂಕಗಳನ್ನೂ, ಪಾತ್ರದ ಹೆಸರು, ವೃತ್ತಿ, ಆಯುಧ, ಚೀಲದಲ್ಲಿನ ಹೊನ್ನು ಮೊದಲಾದವನ್ನೂ ಬರೆದಿಟ್ಟ ಕಾಗದವನ್ನು ನಾವು ಪಾತ್ರದ ಜಾತಕವೆಂದು ಕರೆಯೋಣ. ಈ ಹೆಸರು ಬರಿಯ ತಮಾಷೆಯದಲ್ಲವೆಂಬುದು ಮುಂದೆ ತಿಳಿಯುವುದು.

ಇಂತಹ ಜಾತಕಗಳನ್ನು ಎಲ್ಲೆಡೆಯ ಆಟಗಾರರೂ ಸೇರಿಸಿ, ಎಲ್ಲರೂ ನೋಡಿ ಬಳಸಿಕೊಳ್ಳಬಹುದಾದ ಒಂದು ಭಂಡಾರವನ್ನು ಅಂತರಜಾಲದಲ್ಲಿ ಕಟ್ಟಬೇಕೆಂದು ಕೆಲವರು ಹೊರಟರೆನ್ನಿ. ಮೇಲುನೋಟಕ್ಕೆ ಇದೊಂದು ಸುಲಭವಾದ ಕೆಲಸ. ಕಾಗದದಲ್ಲಿರುವುದನ್ನು ಗಣಕಯಂತ್ರಕ್ಕೆ ಏರಿಸಿದರಾಯಿತು. ಆದರೆ ಮೂರು ವರ್ಷ ಒಂದೇ ಪಾತ್ರವನ್ನು ಆಡಿದ ವಿದ್ಯಾರ್ಥಿಯೊಬ್ಬನು ಬೇರೊಂದು ಊರಿನ ಕಾಲೇಜಿಗೆ ಸೇರಿ, ಅಲ್ಲಿ ಅಪರಿಚಿತರ ಮೇಜಿಗೆ ಬಂದು, "ಇದು ನನ್ನ ಪಾತ್ರ, ಬಲ 18" ಎಂದರೆ ಆ ಮೇಜಿನವರು ಅದನ್ನು ಏಕೆ ನಂಬಬೇಕು? ನಂಬದಿದ್ದರೆ ಮೂರು ವರ್ಷದ ಆಟವು ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ. ಸುಮ್ಮನೆ ನಂಬಿದರೆ, ಪ್ರಾಮಾಣಿಕವಾಗಿ ಆಡಿ ಬಲ 11ನ್ನು ಪಡೆದವನಿಗೆ ಅನ್ಯಾಯವಾಗುತ್ತದೆ. ಭಂಡಾರದ ಕಷ್ಟಗಳೆಲ್ಲವೂ ಈ ಒಂದು ಪ್ರಶ್ನೆಯನ್ನೇ ಸುತ್ತಿಕೊಂಡಿವೆ.

ಮೊದಲು ಅಂಕಗಳನ್ನು ನೋಡೋಣ. 1974ರ ನಿಯಮದಂತೆ ಆರು ಮುಖದ ಮೂರು ದಾಳಗಳನ್ನು ಉರುಳಿಸಿ, ಬಿದ್ದ ಅಂಕಗಳನ್ನು ಕೂಡಿದರೆ ಒಂದು ಗುಣವು ದೊರೆಯುತ್ತದೆ. ಕನಿಷ್ಠ 3, ಗರಿಷ್ಠ 18. ಮೂರು ದಾಳಗಳು ಬೀಳಬಹುದಾದ ರೀತಿಗಳು 6 × 6 × 6, ಎಂದರೆ 216. ಇವುಗಳಲ್ಲಿ 18 ಬರುವುದು ಒಂದೇ ರೀತಿಯಲ್ಲಿ. 10 ಬರುವುದು 27 ರೀತಿಗಳಲ್ಲಿ. 11 ಸಹ 27 ರೀತಿಗಳಲ್ಲಿ. ಆದುದರಿಂದ ಹೆಚ್ಚಿನ ಪಾತ್ರಗಳು ನಮ್ಮ ನಿಮ್ಮಂತೆ ಮಧ್ಯಮರಾಗಿಯೇ ಹುಟ್ಟುತ್ತವೆ. ಆರು ಗುಣಗಳೂ 18 ಆಗಿರುವ ಸರ್ವಗುಣ ಸಂಪನ್ನನೊಬ್ಬನು ಹುಟ್ಟಬೇಕಾದರೆ ಸರಾಸರಿ ಎಷ್ಟು ಪಾತ್ರಗಳನ್ನು ಸೃಷ್ಟಿಸಬೇಕು? 216ನ್ನು ಆರು ಸಲ ಗುಣಿಸಿ ನೋಡಿದರೆ ಒಂದು ಕೋಟಿ ಕೋಟಿಗಿಂತಲೂ ಸ್ವಲ್ಪ ಹೆಚ್ಚಾಗುತ್ತದೆ. ಅಂತಹ ಜಾತಕವು ಭಂಡಾರಕ್ಕೆ ಬಂದರೆ ಅದನ್ನು ತಂದವನ ಮುಖವನ್ನು ಒಮ್ಮೆ ನೋಡುವುದು ಒಳ್ಳೆಯದು.

3ರಿಂದ 18ರವರೆಗೆ ಇರುವ ಸಂಖ್ಯೆಗಳು ಸರಿಯಾಗಿ ಹದಿನಾರು. ಗಣಕಯಂತ್ರಗಳ ಪರಿಚಯವಿದ್ದವರಿಗೆ ಹದಿನಾರೆಂದೊಡನೆ ಕಿವಿ ನಿಮಿರುವುದು. ಏಕೆಂದರೆ ನಾಲ್ಕು ಬಿಟ್‌ಗಳಲ್ಲಿ ಬರೆಯಬಹುದಾದ ಸಂಖ್ಯೆಗಳೂ ಹದಿನಾರೇ. ಷೋಡಶಮಾನ ಪದ್ಧತಿಯಲ್ಲಿ 0ಯಿಂದ 9ರವರೆಗೆ ಅಂಕಿಗಳು, ಆಮೇಲೆ 10ಕ್ಕೆ ಎ, 11ಕ್ಕೆ ಬಿ, ಹೀಗೆ 15ಕ್ಕೆ ಎಫ್. ಪ್ರತಿಯೊಂದು ಗುಣದಿಂದಲೂ 3ನ್ನು ಕಳೆದು ಬರೆದರೆ 16, 9, 12, 14, 11, 8 ಎಂಬ ಗುಣಗಳುಳ್ಳ ಪಾತ್ರವು 'ಡಿ69ಬಿ85' ಆಗುತ್ತದೆ. ಆರೇ ಅಕ್ಷರ, ಮೂರೇ ಬೈಟ್! 1977ರಲ್ಲಿ ಮಾರ್ಕ್ ಮಿಲ್ಲರ್ ರಚಿಸಿದ 'ಟ್ರಾವೆಲರ್' ಎಂಬ ಅಂತರಿಕ್ಷಯಾನದ ಆಟದಲ್ಲಿ ಇದೇ ಬಗೆಯ ಜಾಣತನವನ್ನು ಆಗಲೇ ಬಳಸಿದ್ದರು. ಅಲ್ಲಿಯ ಪಾತ್ರಗಳ ಆರು ಗುಣಗಳನ್ನು ಷೋಡಶಮಾನದ ಆರು ಅಂಕಿಗಳಲ್ಲಿ ಒತ್ತಾಗಿ ಬರೆಯುವುದೇ ಪದ್ಧತಿ. ಮರುವರ್ಷ ಅದರ ಪ್ರಕಾಶಕರು ಸಾವಿರದ ಒಂದು ಪಾತ್ರಗಳ ಒಂದು ಪುಸ್ತಿಕೆಯನ್ನೇ ಅಚ್ಚು ಹಾಕಿಸಿದರು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನವರೂ 1980ರಲ್ಲಿ 'ರೋಗ್ಸ್ ಗ್ಯಾಲರಿ' ಎಂಬ ಪಾತ್ರಸಂಗ್ರಹವನ್ನು ತಂದರು. ಹಾಗಾಗಿ ಭಂಡಾರದ ಆಸೆಯು ಅಂತರಜಾಲಕ್ಕಿಂತ ಹಳೆಯದು. ಅಚ್ಚಾದ ಪುಸ್ತಕವನ್ನು ಒಬ್ಬ ಸಂಪಾದಕನು ಸಿದ್ಧಪಡಿಸಿರುತ್ತಾನೆ. ಅದರಲ್ಲಿನ ಪಾತ್ರಗಳೆಲ್ಲ ಒಂದೇ ನಿಯಮದಂತೆ ಹುಟ್ಟಿರುತ್ತವೆ. ಸಾವಿರ ಮಂದಿ ಸೇರಿ ತುಂಬುವ ಭಂಡಾರದಲ್ಲಿ ಈ ಸೌಕರ್ಯವಿಲ್ಲ.

ಜಾತಕದಲ್ಲಿ ಏನನ್ನು ಬರೆಯಬೇಕು? ನಿಜವಾದ ಜಾತಕವನ್ನೇ ನೆನೆಯಿರಿ. ಅದರ ಫಲದಲ್ಲಿ ನಿಮಗೆ ನಂಬಿಕೆಯಿರಲಿ ಬಿಡಲಿ, ಅದನ್ನು ಬರೆಯುವ ಕ್ರಮದಲ್ಲಿ ಒಂದು ಪಾಠವಿದೆ. ಜೋಯಿಸರು ಕೇಳುವುದು ಹುಟ್ಟಿದ ದಿನ, ಗಳಿಗೆ, ಊರು, ಇಷ್ಟನ್ನೇ. ಲಗ್ನ, ರಾಶಿ, ನಕ್ಷತ್ರಗಳೆಲ್ಲವೂ ಇವುಗಳಿಂದ ಗಣಿಸಿ ಪಡೆದವು. ಕುಂಡಲಿಯ ಕಾಗದವು ಕಳೆದುಹೋದರೂ ಹುಟ್ಟಿದ ಗಳಿಗೆಯು ನೆನಪಿದ್ದರೆ ಹೊಸದನ್ನು ಬರೆಯಬಹುದು. ನಮ್ಮ ಪಾತ್ರಗಳಲ್ಲಿಯೂ ಹೀಗೆಯೇ. ಈ ಆಟದ 2014ರ ಆವೃತ್ತಿಯಲ್ಲಿ ಬಲ 16 ಇರುವ ಯೋಧನಿಗೆ ಹೊಡೆತದಲ್ಲಿ 3 ಅಂಕದ ಅನುಕೂಲವುಂಟು. ಅವನು ಹೊರಬಲ್ಲ ಭಾರವು ಬಲದ ಹದಿನೈದರಷ್ಟು, ಎಂದರೆ 240 ಪೌಂಡು. ಓಡಿಬಂದು ಜಿಗಿದರೆ ದಾಟುವ ದೂರ 16 ಅಡಿ. ಬಲವು 18ಕ್ಕೆ ಏರಿದರೆ ಅನುಕೂಲವು 4, ಭಾರವು 270, ಜಿಗಿತವು 18. ಕಾಗದದಲ್ಲಿ ಇವೆಲ್ಲವನ್ನೂ ಬಿಡಿಬಿಡಿಯಾಗಿ ಬರೆದಿಟ್ಟವನು ಬಲವನ್ನು ತಿದ್ದಿ ಭಾರವನ್ನು ತಿದ್ದಲು ಮರೆತನೆನ್ನಿ. ಆಗ ಜಾತಕವು ತನಗೆ ತಾನೇ ವಿರುದ್ಧವಾಗಿ ಸಾಕ್ಷಿ ಹೇಳತೊಡಗುತ್ತದೆ. ಆದುದರಿಂದ ಭಂಡಾರದಲ್ಲಿ ಮೂಲ ಸಂಗತಿಗಳನ್ನು ಮಾತ್ರ ಬರೆದಿಡಬೇಕು. ಅವುಗಳಿಂದ ಹುಟ್ಟುವ ಸಂಖ್ಯೆಗಳನ್ನು ಯಂತ್ರವು ಬೇಕೆಂದಾಗ ಗಣಿಸಿಕೊಳ್ಳಲಿ.

ಇಲ್ಲಿ ಇನ್ನೊಂದು ತೊಡಕುಂಟು. ಒಂದೇ ಗಳಿಗೆಯಲ್ಲಿ ಹುಟ್ಟಿದ ಮಗುವಿಗೆ ಸೂರ್ಯಸಿದ್ಧಾಂತದ ಪಂಚಾಂಗದಂತೆ ಒಂದು ನಕ್ಷತ್ರ, ದೃಗ್ಗಣಿತದ ಪಂಚಾಂಗದಂತೆ ಇನ್ನೊಂದು ನಕ್ಷತ್ರ ಬರುವುದುಂಟು. ಆಟಗಳಲ್ಲಿಯೂ ಪಂಚಾಂಗಗಳು ಹಲವು. 1978ರಲ್ಲಿ ಅಚ್ಚಾದ 'ಅಡ್ವಾನ್ಸ್‌ಡ್' ನಿಯಮಗಳಲ್ಲಿ ಬಲ 16 ಇದ್ದವನಿಗೆ ಗುರಿ ತಾಗುವುದರಲ್ಲಿ ಯಾವ ಅನುಕೂಲವೂ ಇಲ್ಲ. ಪೆಟ್ಟಿನ ಜೋರಿನಲ್ಲಿ ಮಾತ್ರ 1. ಆರಂಭಿಕರಿಗಾಗಿ 1981ರಲ್ಲಿ ಬಂದ ಸರಳ ಆವೃತ್ತಿಯಲ್ಲಿ ಎರಡರಲ್ಲಿಯೂ 2. 2000ದ ಮೂರನೆಯ ಆವೃತ್ತಿಯಲ್ಲಿ ಎರಡರಲ್ಲಿಯೂ 3. ಅಂಗರಕ್ಷೆಯ ಅಂಕದ ವಿಷಯದಲ್ಲಂತೂ ದಿಕ್ಕೇ ಬದಲಾಗಿದೆ. ಹಳೆಯ ನಿಯಮದಲ್ಲಿ ಬರಿಮೈಯವನ ಅಂಕ 10; ಉಕ್ಕಿನ ಕವಚ, ಗುರಾಣಿಗಳನ್ನು ಧರಿಸಿದವನದು 2. ಅಂಕವು ಇಳಿದಂತೆ ರಕ್ಷಣೆಯು ಹೆಚ್ಚು. 2000ದಿಂದೀಚೆಗೆ ಬರಿಮೈಯವನದು 10 ಆಗಿಯೇ ಉಳಿದು, ಕವಚ ತೊಟ್ಟಂತೆಲ್ಲ ಅಂಕವು ಮೇಲೇರುತ್ತದೆ. 'ಅಂಗರಕ್ಷೆ 2' ಎಂದಷ್ಟೇ ಬರೆದ ಜಾತಕವನ್ನು ಒಂದು ಮೇಜಿನವರು ಅಭೇದ್ಯನೆಂದು ಓದುವರು; ಇನ್ನೊಂದು ಮೇಜಿನವರು ಪಾಪ, ಇವನಿಗೆ ಮಗುವೂ ಹೊಡೆಯಬಹುದೆಂದು ಕನಿಕರಪಡುವರು. ಆವೃತ್ತಿಯ ಹೆಸರಿಲ್ಲದ ಸಂಖ್ಯೆಯು ಮಾನವಿಲ್ಲದ ಅಳತೆಯಂತೆ: ಐದು ಎಂದರೆ ಐದು ಸೇರೋ ಐದು ಪಲ್ಲವೋ?

ಮೂರು ಬೈಟ್‌ಗಳ ನಮ್ಮ ಜಾಣತನವೂ ಇಲ್ಲಿ ಮುಗ್ಗರಿಸುತ್ತದೆ. 1978ರ ನಿಯಮದಲ್ಲಿ ಬಲ 18 ಬಂದ ಯೋಧನು ಮತ್ತೆ ನೂರರ ದಾಳವನ್ನು ಉರುಳಿಸಬೇಕು. ಬಂದುದನ್ನು 18ರ ಪಕ್ಕದಲ್ಲಿ ಓರೆಗೆರೆ ಹಾಕಿ ಬರೆಯಬೇಕು. ಎಲ್ಲಕ್ಕಿಂತ ಮೇಲಿನದು '18/00'. ಇಲ್ಲಿ ಸೊನ್ನೆಸೊನ್ನೆಯೆಂದರೆ ನೂರು. ಸಂಖ್ಯೆಯನ್ನೇ ನಿರೀಕ್ಷಿಸುವ ಯಂತ್ರಕ್ಕೆ ಇದು ಸಂಖ್ಯೆಯಲ್ಲ. ಲೆಕ್ಕವೆಂದು ಭಾವಿಸಿದರೆ ಸೊನ್ನೆಯಿಂದ ಭಾಗಿಸಿದಂತೆ! ಆಟದ ನಿಯಮಗಳನ್ನು ಬರೆದವರು ಪೆನ್ಸಿಲು ಹಿಡಿದ ಮನುಷ್ಯರಿಗಾಗಿ ಬರೆದರೇ ಹೊರತು ಯಂತ್ರಕ್ಕಾಗಿ ಅಲ್ಲ. ಆದ್ದರಿಂದ ಭಂಡಾರವನ್ನು ಕಟ್ಟುವವರು ಸ್ಥಳವನ್ನು ಉಳಿಸುವ ಆಸೆಯನ್ನು ಬಿಟ್ಟು, ಪ್ರತಿಯೊಂದು ಸಂಗತಿಯನ್ನೂ ಅದರ ಹೆಸರಿನೊಡನೆ ಬಿಡಿಸಿ ಬರೆಯುವುದು ಮೇಲು: 'ನಿಯಮ: 1978, ಬಲ: 18, ಬಲದ ಶತಾಂಶ: 100'. ಇದಕ್ಕೆ ಮೂರು ಬೈಟ್‌ಗಳ ಬದಲು ಮುನ್ನೂರು ಬೇಕಾಗಬಹುದು. ಲಕ್ಷ ಪಾತ್ರಗಳಿಗೆ ಮೂರು ಕೋಟಿ ಬೈಟ್. ಇಂದಿನ ಜೇಬಿನ ದೂರವಾಣಿಯಲ್ಲಿ ಕೆಲವು ಛಾಯಾಚಿತ್ರಗಳು ಇಷ್ಟು ಜಾಗವನ್ನು ತಿನ್ನುತ್ತವೆ.

ಹೆಸರಿನ ವಿಷಯವು ಇನ್ನೂ ಸ್ವಾರಸ್ಯವಾದುದು. ಸಾವಿರ ಮಂದಿ ಸೇರಿದಲ್ಲಿ ಒಂದೇ ಹೆಸರಿನ ಹತ್ತು ವೀರರಿರುವುದು ಸಹಜ. ಹೆಸರನ್ನೇ ಗುರುತಾಗಿಟ್ಟುಕೊಂಡರೆ ಒಬ್ಬನ ಮೇಲೆ ಇನ್ನೊಬ್ಬನು ಕುಳಿತುಬಿಡುತ್ತಾನೆ. ಒಂದು, ಎರಡು, ಮೂರು ಎಂದು ಕ್ರಮಸಂಖ್ಯೆ ಕೊಡಬಹುದಾದರೂ ಆ ಸಂಖ್ಯೆಯನ್ನು ಹಂಚುವ ಒಬ್ಬ ಗುಮಾಸ್ತನು ಸದಾ ಎಚ್ಚರವಾಗಿರಬೇಕು. ಅಂತರಜಾಲದ ಸಂಪರ್ಕವಿಲ್ಲದ ಊರಿನಲ್ಲಿ ಪಾತ್ರವನ್ನು ಸೃಷ್ಟಿಸಿದವನು ಕಾಯುತ್ತ ಕೂರಬೇಕು. ಇದಕ್ಕೆ ಗಣಕಶಾಸ್ತ್ರಜ್ಞರು ಕಂಡುಕೊಂಡ ಉಪಾಯವು ದಾಳದ ಆಟಕ್ಕೆ ಒಪ್ಪುವಂತಹುದೇ. ಪ್ರತಿಯೊಬ್ಬರ ಯಂತ್ರವೂ ತನ್ನಷ್ಟಕ್ಕೆ 128 ಬಿಟ್‌ಗಳ ಒಂದು ಗುರುತುಸಂಖ್ಯೆಯನ್ನು ತಯಾರಿಸುತ್ತದೆ. ಅದರಲ್ಲಿ 122 ಬಿಟ್‌ಗಳು ಯದೃಚ್ಛೆಯಿಂದ ಬಂದವು. ಎರಡು ಮುಖದ 122 ದಾಳಗಳನ್ನು ಒಮ್ಮೆಗೇ ಉರುಳಿಸಿದಂತೆ ಎನ್ನಿ. ಇಬ್ಬರಿಗೆ ಒಂದೇ ಸಂಖ್ಯೆ ಬರುವ ಸಂಭವವು ಇಲ್ಲವೆಂದಲ್ಲ. ಆದರೆ ಅದರ ಮುಂದೆ ನಮ್ಮ ಸರ್ವಗುಣ ಸಂಪನ್ನನು ಬೀದಿಬೀದಿಯಲ್ಲಿ ಸಿಗುವವನಾಗುತ್ತಾನೆ. ಗುಮಾಸ್ತನಿಲ್ಲದೆಯೇ ಕೆಲಸವು ನಡೆದುಹೋಗುತ್ತದೆ.

ಹೆಸರನ್ನು ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು ಹೇಳಬೇಕು. ಒಬ್ಬಳು ತನ್ನ ಮಾಂತ್ರಿಕಳಿಗೆ 'ಕೊರವಂಜಿ' ಎಂದು ಹೆಸರಿಟ್ಟಳೆನ್ನಿ. ಯೂನಿಕೋಡ್ ಎಂಬ ಅಕ್ಷರಸಂಕೇತ ಪದ್ಧತಿಯಲ್ಲಿ 'ಕೊ' ಎಂಬುದರ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವದ ಸಂಕೇತ, ಅದರ ಮುಂದೆ ಊತ್ವದ ಕೊಂಬಿನ ಸಂಕೇತ, ಹೀಗೆ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಭಂಡಾರದಲ್ಲಿ ಕೊರವಂಜಿಯನ್ನು ಹುಡುಕಿದವನಿಗೆ ಆಕೆ ಎದುರಿಗಿದ್ದರೂ ಸಿಗುವುದಿಲ್ಲ. ಆದ್ದರಿಂದ ಒಳಬರುವ ಹೆಸರುಗಳನ್ನೆಲ್ಲ ಮೊದಲು ಒಂದೇ ರೂಪಕ್ಕೆ ತರಬೇಕು. ಇದಕ್ಕೆ ಯೂನಿಕೋಡಿನವರೇ ನಿಯಮವನ್ನು ಮಾಡಿಟ್ಟಿದ್ದಾರೆ.

ಇನ್ನು ಮುಖ್ಯವಾದ ಪ್ರಶ್ನೆಗೆ ಬರೋಣ. ಭಂಡಾರದಲ್ಲಿರುವ ಅಂಕಗಳು ನಿಜವಾಗಿ ದಾಳದಿಂದ ಬಂದವೆ? ಒಂದೊಂದು ಜಾತಕವನ್ನು ನೋಡಿ ಇದನ್ನು ಹೇಳಲಾಗದು. ಬಲ 18 ಬರುವುದು ಅಪರೂಪವಾದರೂ ಅಸಾಧ್ಯವಲ್ಲ. ನಿಜವಾಗಿ ಬಂದವನನ್ನು ಸುಳ್ಳನೆನ್ನುವುದು ಪಾಪ. ಆದರೆ ಸಾವಿರ ಜಾತಕಗಳನ್ನು ಒಟ್ಟಿಗೆ ನೋಡಿದರೆ ಗಣಿತವು ಬಾಯಿ ಬಿಡುತ್ತದೆ. ಮೂರು ದಾಳಗಳ ಸರಾಸರಿ 10.5, ಆರು ಗುಣಗಳ ಮೊತ್ತದ ಸರಾಸರಿ 63. ಒಬ್ಬನ ಮೊತ್ತವು 50 ಆಗಬಹುದು, ಇನ್ನೊಬ್ಬನದು 75 ಆಗಬಹುದು. ಸಾವಿರ ಮಂದಿಯ ಮೊತ್ತಗಳ ಸರಾಸರಿಯಾದರೋ ನೂರರಲ್ಲಿ ಸುಮಾರು 97 ಸಲ 62.5 ಮತ್ತು 63.5ರ ನಡುವೆಯೇ ಬೀಳಬೇಕು. ಬಿಡಿಬಿಡಿಯಾಗಿ ಚಂಚಲವಾದ ದಾಳವು ಗುಂಪಿನಲ್ಲಿ ಅಷ್ಟು ಶಿಸ್ತಿನದು.

ಭಂಡಾರದ ಸರಾಸರಿಯು 67 ಎಂದು ಕಂಡುಬಂದಿತೆನ್ನಿ. ಕೂಡಲೇ ಮೋಸವೆಂದು ಕೂಗಬೇಕೆ? ತಾಳಿ. ಪ್ರತಿಯೊಬ್ಬನೂ ಪ್ರಾಮಾಣಿಕವಾಗಿ ದಾಳ ಉರುಳಿಸಿ ಎರಡು ಪಾತ್ರಗಳನ್ನು ಮಾಡಿ, ಅವುಗಳಲ್ಲಿ ಚೆನ್ನಾಗಿರುವುದನ್ನು ಭಂಡಾರಕ್ಕೆ ಕೊಟ್ಟು, ಸಪ್ಪೆಯಾದುದನ್ನು ಬುಟ್ಟಿಗೆ ಹಾಕಿದರೆ ಸರಾಸರಿಯು ಹೆಚ್ಚುಕಡಿಮೆ 67ಕ್ಕೇ ಏರುತ್ತದೆ. ಯಾರೂ ಒಂದಂಕಿಯನ್ನೂ ಸುಳ್ಳು ಬರೆದಿಲ್ಲ. ಆದರೂ ಭಂಡಾರವು ಸುಳ್ಳು ಹೇಳುತ್ತಿದೆ! ಔಷಧಗಳ ಪರೀಕ್ಷೆಯಲ್ಲಿ ಗುಣ ಕಂಡ ಪ್ರಯೋಗಗಳನ್ನು ಮಾತ್ರ ಪ್ರಕಟಿಸಿ ಉಳಿದವನ್ನು ಮುಚ್ಚಿಟ್ಟರೆ ಆಗುವ ಅನರ್ಥವೂ ಇದೇ ಜಾತಿಯದು. ಅಲ್ಲಿ ರೋಗಿಗಳ ಪ್ರಾಣದ ಪ್ರಶ್ನೆ, ಇಲ್ಲಿ ಕಾಗದದ ವೀರರ ಪ್ರಶ್ನೆ. ಗಣಿತಕ್ಕೆ ಆ ವ್ಯತ್ಯಾಸವು ತಿಳಿಯದು. ನಾಲ್ಕು ದಾಳ ಉರುಳಿಸಿ ಅತಿ ಕಡಿಮೆಯದನ್ನು ಬಿಡುವ ಪದ್ಧತಿಯೂ ಬಳಕೆಯಲ್ಲಿದೆ; ಅದರಲ್ಲಿ ಒಂದು ಗುಣದ ಸರಾಸರಿಯು 12.24ಕ್ಕೆ ಏರುತ್ತದೆ. ಯಾವ ಪದ್ಧತಿಯಿಂದ ಹುಟ್ಟಿದ ಪಾತ್ರವೆಂಬುದನ್ನು ಬರೆಯದೆ ಎಲ್ಲವನ್ನೂ ಒಂದೇ ಕಣಜಕ್ಕೆ ಸುರಿದರೆ ರಾಗಿ, ಜೋಳ, ಭತ್ತಗಳನ್ನು ಬೆರೆಸಿದಂತೆ.

ಅಪರಿಚಿತರ ಮೇಜುಗಳ ನಡುವೆ ಪಾತ್ರಗಳು ಓಡಾಡುವ ಏರ್ಪಾಟನ್ನು ಆಟಗಾರರ ಸಂಘಗಳು ಬಹಳ ಹಿಂದೆಯೇ ಮಾಡಿದ್ದವು. ಅಮೆರಿಕದ ಆಟಗಾರರ ಸಂಘವೊಂದು 1987ರಲ್ಲಿ 'ಲಿವಿಂಗ್ ಸಿಟಿ' ಎಂಬ ಹಂಚಿಕೆಯ ಕಥಾನಗರವನ್ನು ಆರಂಭಿಸಿತು. ಒಂದು ಸಮ್ಮೇಳನದಲ್ಲಿ ಆಡಿದ ಪಾತ್ರವನ್ನು ಮತ್ತೊಂದು ಸಮ್ಮೇಳನಕ್ಕೆ ಒಯ್ಯಬಹುದು. ಗಳಿಸಿದ ಮಂತ್ರದ ಕತ್ತಿಗೆ ಕಾಗದದ ಪ್ರಮಾಣಪತ್ರವನ್ನು ತೋರಿಸಬೇಕು. 2000ದಿಂದ 2008ರವರೆಗೆ ನಡೆದ 'ಲಿವಿಂಗ್ ಗ್ರೇಹಾಕ್' ಎಂಬುದರಲ್ಲಿ ನಿಜವಾದ ಭೂಪಟದ ಒಂದೊಂದು ಪ್ರಾಂತಕ್ಕೂ ಕಥೆಯ ಒಂದೊಂದು ರಾಜ್ಯವನ್ನು ವಹಿಸಿಕೊಟ್ಟಿದ್ದರು. 2014ರಲ್ಲಿ ಆರಂಭವಾದ 'ಅಡ್ವೆಂಚರರ್ಸ್ ಲೀಗ್' ಎಂಬುದರಲ್ಲಿ ಹುಟ್ಟುಗುಣಗಳಿಗೆ ದಾಳವನ್ನು ಉರುಳಿಸುವ ಪದ್ಧತಿಯನ್ನೇ ಕೈಬಿಟ್ಟರು. ಪ್ರತಿ ಆಟಗಾರನಿಗೂ 27 ಅಂಕಗಳ ಬಂಡವಾಳ. ಗುಣವನ್ನು 8ರಲ್ಲಿ ಇಟ್ಟರೆ ಬೆಲೆಯಿಲ್ಲ, 13ಕ್ಕೆ 5, 14ಕ್ಕೆ 7, 15ಕ್ಕೆ 9. ಅದಕ್ಕೆ ಮೇಲೆ ಕೊಳ್ಳುವಂತಿಲ್ಲ. ಇಲ್ಲವೆ 15, 14, 13, 12, 10, 8 ಎಂಬ ಸಿದ್ಧಪಟ್ಟಿಯನ್ನು ತೆಗೆದುಕೊಳ್ಳಬಹುದು. ಕೂಡಿ ನೋಡಿದರೆ ಇದರ ಬೆಲೆಯೂ ಸರಿಯಾಗಿ 27.

ಇದರಿಂದ ಅನುಮಾನವು ಪೂರ್ತಿಯಾಗಿ ಅಳಿಯಿತು. ಯಾರ ಜಾತಕವನ್ನಾದರೂ ಕ್ಷಣದಲ್ಲಿ ತಾಳೆ ನೋಡಬಹುದು. ಆದರೆ ತೆತ್ತ ಬೆಲೆಯೇನು? ಗುಣಗಳ ಅನುಕ್ರಮವನ್ನು ಲೆಕ್ಕಿಸದಿದ್ದರೆ ಮೂರು ದಾಳಗಳಿಂದ ಹುಟ್ಟಬಹುದಾದ ಅಂಕಗಳ ಗುಂಪುಗಳು 54,264. 27 ಅಂಕಗಳನ್ನು ಪೂರ್ತಿಯಾಗಿ ಖರ್ಚು ಮಾಡಿ ಕೊಳ್ಳಬಹುದಾದ ಗುಂಪುಗಳೋ ಕೇವಲ 65. ಬಲ 4 ಇರುವ ಬಡಕಲು ಯೋಧನು, ಬುದ್ಧಿ 5 ಇದ್ದೂ ವರ್ಚಸ್ಸು 17 ಇರುವ ಮಾತುಗಾರನು ಇನ್ನು ಹುಟ್ಟುವುದೇ ಇಲ್ಲ. ನನ್ನ ಮಟ್ಟಿಗೆ ಇದು ದುಬಾರಿಯಾದ ವ್ಯಾಪಾರ. ನೆನಪಿನಲ್ಲಿ ಉಳಿಯುವ ಪಾತ್ರಗಳು ಬಹುಶಃ ಹೀಗೆ ಯಾರೂ ದುಡ್ಡು ಕೊಟ್ಟು ಕೊಳ್ಳದಂತಹವೇ.

ಅಂತರಜಾಲದ ಭಂಡಾರಕ್ಕೆ ಕಾಗದಕ್ಕಿಲ್ಲದ ಒಂದು ದಾರಿಯುಂಟು. ದಾಳವನ್ನು ಭಂಡಾರವೇ ಉರುಳಿಸಲಿ. ಆಟಗಾರನು ಕೇಳಿದೊಡನೆ ಯಂತ್ರವು ಯದೃಚ್ಛಾಸಂಖ್ಯೆಗಳನ್ನು ತೆಗೆದು, ಅವನಿಗೆ ತೋರಿಸುವ ಮೊದಲೇ ದಾಖಲೆಯಲ್ಲಿ ಬರೆದುಕೊಳ್ಳಲಿ. ಅವನು ಒಪ್ಪದೆ ಬಿಟ್ಟ ಜಾತಕವೂ ದಾಖಲೆಯಲ್ಲಿ ಉಳಿಯಲಿ. ಆಗ 18ನ್ನು ಕಂಡವನು ಅದರ ಹಿಂದೆ ಎಷ್ಟು ಪ್ರಯತ್ನಗಳಿದ್ದವೆಂಬುದನ್ನೂ ಕಾಣುತ್ತಾನೆ: ಮೊದಲನೆಯ ಸಲಕ್ಕೇ ಬಂದ 18ಕ್ಕೂ ನಲವತ್ತನೆಯ ಸಲಕ್ಕೆ ಬಂದ 18ಕ್ಕೂ ಇರುವ ಅಂತರವು ಎಲ್ಲರ ಕಣ್ಣಿಗೂ ಬೀಳುತ್ತದೆ. ಅಂಗಡಿಯ ಲೆಕ್ಕ ಬರೆಯುವವರು ಕಿರ್ದಿಯಲ್ಲಿ ಬರೆದುದನ್ನು ಎಂದಿಗೂ ಅಳಿಸುವುದಿಲ್ಲ. ತಪ್ಪಾಗಿದ್ದರೆ ಸರಿಪಡಿಸುವ ಮತ್ತೊಂದು ಸಾಲನ್ನು ಬರೆಯುತ್ತಾರೆ. ಖಾತೆಯ ಬಾಕಿಯು ಕಿರ್ದಿಯ ಸಾಲುಗಳನ್ನು ಕೂಡಿದಾಗ ಸಿಗುವ ಮೊತ್ತ. ಪಾತ್ರದ ಭಂಡಾರವೂ ಹೀಗಿದ್ದರೆ ಇಂದಿನ ಜಾತಕವೆಂಬುದು ಹುಟ್ಟಿನಿಂದ ಇಂದಿನವರೆಗಿನ ಸಾಲುಗಳನ್ನೆಲ್ಲ ಯಂತ್ರವು ಕೂಡಿ ಹೇಳಿದ ಬಾಕಿ. ಹೊಸ ಮೇಜಿನವರು ಆ ವಿದ್ಯಾರ್ಥಿಯ ಮುಖವನ್ನು ನೋಡಿ ನಂಬಬೇಕಾಗಿಲ್ಲ, ಸಾಲುಗಳನ್ನು ಓದಿಕೊಳ್ಳಬಹುದು.

ಈ ಕಿರ್ದಿಯ ಪದ್ಧತಿಯು ಇನ್ನೊಂದು ಗಂಟನ್ನೂ ಬಿಡಿಸುತ್ತದೆ. ಒಂದು ಪಾತ್ರವನ್ನು ಇಬ್ಬರು ಒಟ್ಟಿಗೆ ತಿದ್ದಲು ಕುಳಿತರೆನ್ನಿ. ಚೀಲದಲ್ಲಿ 120 ಹೊನ್ನು ಇದೆಯೆಂದು ಇಬ್ಬರೂ ಓದಿಕೊಂಡರು. ಒಬ್ಬನು 50 ಕೊಟ್ಟು ಕುದುರೆಯನ್ನು ಕೊಂಡು 70 ಎಂದು ಬರೆದನು. ಅರೆಗಳಿಗೆಯ ಮೇಲೆ ಇನ್ನೊಬ್ಬನು 30 ಹೊನ್ನು ಸಿಕ್ಕಿತೆಂದು 150 ಎಂದು ಬರೆದನು. ಕೊನೆಗೆ ಬರೆದುದೇ ಉಳಿಯುವುದರಿಂದ ಕುದುರೆಯು ಪುಕ್ಕಟೆಯಾಯಿತು! ಮೊತ್ತವನ್ನು ಬರೆಯುವ ಬದಲು '50 ಕಳೆ', '30 ಕೂಡು' ಎಂಬ ಎರಡು ಸಾಲುಗಳನ್ನು ಬರೆದಿದ್ದರೆ, ಯಾವುದು ಮೊದಲು ಬಂದರೂ ಬಾಕಿಯು 100ಕ್ಕೇ ನಿಲ್ಲುತ್ತಿತ್ತು. ಎಲ್ಲವೂ ಇಷ್ಟು ಸುಲಭವಾಗಿ ಇತ್ಯರ್ಥವಾಗುವುದಿಲ್ಲ. ಪಾತ್ರದ ಹೆಸರನ್ನು ಇಬ್ಬರೂ ಬೇರೆ ಬೇರೆಯಾಗಿ ಬದಲಾಯಿಸಿದರೆ ಕೂಡಿಸುವುದೇನನ್ನು? ಅಂತಹಲ್ಲಿ ಪ್ರತಿಯೊಬ್ಬನೂ ತಾನು ಓದಿದ್ದು ಎಷ್ಟನೆಯ ಪಾಠವೆಂಬುದನ್ನು ತಿಳಿಸಬೇಕು; ಏಳನೆಯದನ್ನು ಓದಿ ಬಂದವನಿಗೆ, ಈಗ ಎಂಟನೆಯದು ಬಂದಿದೆ, ನೋಡಿಕೊಂಡು ಬಾ ಎಂದು ಯಂತ್ರವು ಹಿಂದಕ್ಕೆ ಕಳುಹಿಸುತ್ತದೆ. ತೀರ್ಪು ಮನುಷ್ಯರದೇ.

ಒಡೆತನದ ಮಾತನ್ನೂ ಮರೆಯುವಂತಿಲ್ಲ. ಆಟದಲ್ಲಿದ್ದ 'ಹಾಬಿಟ್' ಎಂಬ ಕುಳ್ಳ ಜನರ ಹೆಸರನ್ನು 1970ರ ದಶಕದಲ್ಲಿ ಟಾಲ್ಕಿನ್ನರ ಕೃತಿಗಳ ಹಕ್ಕುದಾರರು ಆಕ್ಷೇಪಿಸಿದ್ದರಿಂದ 'ಹಾಫ್ಲಿಂಗ್' ಎಂದು ಬದಲಾಯಿಸಬೇಕಾಯಿತು. 2000ದಲ್ಲಿ ಈ ಆಟದ ಪ್ರಕಾಶಕರಾದ ವಿಜರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯವರು ಒಂದು ಮುಕ್ತ ಪರವಾನಗಿಯನ್ನು ಕೊಟ್ಟು ನಿಯಮಗಳ ಒಂದು ಭಾಗವನ್ನು ಎಲ್ಲರೂ ಬಳಸಲು ಬಿಟ್ಟರು. 2023ರ ಜನವರಿಯಲ್ಲಿ ಅದನ್ನು ಬಿಗಿಗೊಳಿಸುವ ಹೊಸ ಕರಡು ಹೊರಬಿದ್ದು ಆಟಗಾರರಲ್ಲಿ ದೊಡ್ಡ ಪ್ರತಿಭಟನೆಯೆದ್ದಿತು. ಅದೇ ತಿಂಗಳ 27ರಂದು ಸಂಸ್ಥೆಯು ಕರಡನ್ನು ಕೈಬಿಟ್ಟು, 'ಕ್ರಿಯೇಟಿವ್ ಕಾಮನ್ಸ್' ಎಂಬ ಪರವಾನಗಿಯಡಿಯಲ್ಲಿ, ಮೂಲವನ್ನು ಹೆಸರಿಸಿದರೆ ಸಾಕೆಂಬ ಕಟ್ಟಳೆಯೊಡನೆ ಆ ಭಾಗವನ್ನು ಬಿಟ್ಟುಕೊಟ್ಟಿತು. ಭಂಡಾರದವರಿಗೆ ಇದರಿಂದ ಎರಡು ಕೆಲಸಗಳು ಹುಟ್ಟುತ್ತವೆ. ಪಾತ್ರದ ಜೊತೆಯಲ್ಲಿ ನಿಯಮಪುಸ್ತಕದ ವಾಕ್ಯಗಳನ್ನು ಯಾರೂ ನಕಲು ಮಾಡಿ ತಾರದಂತೆ ನೋಡಿಕೊಳ್ಳಬೇಕು. ಪಾತ್ರದ ಕಥೆಯನ್ನೂ ಚಿತ್ರವನ್ನೂ ಕೊಟ್ಟವನು ಇತರರಿಗೆ ಯಾವ ಮಟ್ಟಿನ ಬಳಕೆಗೆ ಒಪ್ಪಿದ್ದಾನೆಂಬುದನ್ನು ಕೊಡುವ ದಿನವೇ ಬರೆಯಿಸಿಕೊಳ್ಳಬೇಕು. ಹತ್ತು ವರ್ಷದ ಮೇಲೆ ಅವನನ್ನು ಹುಡುಕಿ ಕೇಳಲು ಆಗುವುದಿಲ್ಲ.

ಸತ್ತ ಪಾತ್ರಗಳನ್ನು ಏನು ಮಾಡಬೇಕು? ತೆಗೆದುಹಾಕಿದರೆ ಭಂಡಾರವು ಹಗುರವಾಗುವುದೆಂದು ಕೆಲವರು ಹೇಳಬಹುದು. ಮೇಲೆ ಹೇಳಿದ ಟ್ರಾವೆಲರ್ ಆಟದ ಮೂಲ ನಿಯಮದಲ್ಲಿ ಪಾತ್ರವು ಆಟಕ್ಕಿಳಿಯುವ ಮೊದಲು ನೌಕಾದಳದಲ್ಲಿಯೋ ಭೂಸೇನೆಯಲ್ಲಿಯೋ ನಾಲ್ಕು ನಾಲ್ಕು ವರ್ಷಗಳ ಅವಧಿಗಳನ್ನು ಕಳೆಯಬೇಕು. ಪ್ರತಿ ಅವಧಿಗೂ ಬದುಕುಳಿಯಲು ದಾಳವನ್ನು ಉರುಳಿಸಬೇಕು. ದಾಳವು ಕೈಕೊಟ್ಟರೆ ಆಟಕ್ಕೆ ಮೊದಲೇ ಸಾವು. ಕಾಗದವನ್ನು ಹರಿದು ಹೊಸದಾಗಿ ಆರಂಭಿಸಬೇಕು. ಬದುಕಿ ಬಂದವರನ್ನು ಮಾತ್ರ ಇಟ್ಟುಕೊಂಡ ಭಂಡಾರವನ್ನು ಮುಂದೊಂದು ದಿನ ಯಾರಾದರೂ ತೆರೆದು ನೋಡಿದರೆ, ಇಪ್ಪತ್ತು ವರ್ಷ ಸೇವೆ ಮಾಡಿ ಪದಕಗಳನ್ನು ಹೊತ್ತು ನಿಂತ ಮುದುಕರೇ ಸಾಲುಸಾಲಾಗಿ ಕಾಣುವರು. ಅಂತರಿಕ್ಷದ ನೌಕಾದಳವು ಪಿಂಚಣಿಯ ಕಛೇರಿಯಷ್ಟೇ ಕ್ಷೇಮವಾದ ಜಾಗವೆಂದು ಅವರಿಗೆ ತೋರುವುದು. ಮೊದಲ ಅವಧಿಯಲ್ಲಿಯೇ, 22ನೆಯ ವಯಸ್ಸಿನಲ್ಲಿ, ಒಂದು ಸಾಹಸವನ್ನೂ ಕಾಣದೆ ತೀರಿಕೊಂಡ ಹುಡುಗನ ಹೆಸರು, ಅವನ ಆರು ಅಂಕಿಗಳು, ಅವನನ್ನು ಕೊಂದ ಎರಡು ದಾಳಗಳ ಮೊತ್ತ, ಇಷ್ಟೂ ಒಂದೇ ಸಾಲಿನಲ್ಲಿ ಹಿಡಿಯುತ್ತವೆ.